ಬಾವುಟ ಏರಿತಾ? ಸಿಡ್ನಿಯ 1790

(ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕನ್ನಡದ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ಅವತ್ತು ಮೈಕ್ ಕೈಕೊಟ್ಟಿತು, ಹಿಂದೆ ಕೂತವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ. ಹೇಳುವಾಗ ಮರೆತ ಒಂದೆರಡು ಸಂಗತಿಯನ್ನೂ ಸೇರಿಸಿದ್ದೇನೆ.)

ನಾವು ಈಗ ಕೂತಿರುವ ಜಾಗದಿಂದ ಹ್ಯಾರಿಸ್ ಪಾರ್ಕ್‌ಗೆ ನಡೆದೇ ಹೋಗಬಹುದು. ಅಲ್ಲಿಯ ವಿಗ್ರಂ ಸ್ಟ್ರೀಟ್‌ನಲ್ಲಿ ದೋಸೆ ತಿನ್ನದವರು ಈ ಹಾಲ್‌ನಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೇನೆ. ಆ ಹೋಟೆಲುಗಳ ಸಾಲು ಬಿಟ್ಟು ಸ್ವಲ್ಪ ದೂರ ನಡೆದರೆ ಒಂದು ಹಳೇ ಮನೆ ಸಿಗುತ್ತದೆ. ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್ ಅಂತ ಬೋರ್ಡು. ಮನೆ ಆಮೇಲಿನದು. ಆದರೆ ಆ ನೆಲದಲ್ಲಿ 1790ರಲ್ಲಿ ಜೇಮ್ಸ್ ರೂಸ್ ಅನ್ನುವ ಒಬ್ಬ ಮಾಜಿ ಕೈದಿ ಗುದ್ದಲಿ ಹಿಡಿದು ಒಂದೂವರೆ ಎಕರೆ ಅಗೆಯುತ್ತಿದ್ದ. ಈ ಊರಿಗೆ ಆಗ ಪ್ಯಾರಮಟ್ಟಾ ಅನ್ನುವ ಹೆಸರೂ ಇಂಗ್ಲಿಷರ ಬಾಯಲ್ಲಿರಲಿಲ್ಲ, ರೋಸ್ ಹಿಲ್ ಅನ್ನುತ್ತಿದ್ದರು. ಅವನು ಅಗೆಯುತ್ತಿದ್ದದ್ದು ಯಾಕೆ ಅಂದರೆ, ಇಡೀ ವಸಾಹತಿಗೆ ತಿನ್ನಲು ಇರಲಿಲ್ಲ.

ನಾನು ಇವತ್ತು ಹೇಳಬೇಕಾದದ್ದು ಆ ಒಂದು ವರ್ಷದ ಕಥೆ. 1788ರ ಜನವರಿ 26ರಂದು ಬ್ರಿಟನ್ನಿನಿಂದ ಕೈದಿಗಳನ್ನು ಹೊತ್ತ ಹಡಗುಗಳು ಸಿಡ್ನಿಗೆ ಬಂದವು, ಬಾವುಟ ನೆಟ್ಟರು, ಅದೆಲ್ಲ ನಿಮಗೆ ಗೊತ್ತು. ಆಸ್ಟ್ರೇಲಿಯಾ ಡೇ ಅಂತ ಆ ದಿನದ ರಜೆಯನ್ನೂ ತಗೊಳ್ತೀವಿ, ಆ ದಿನ ಯಾಕೆ ರಜೆ ಅಂತ ಜಗಳವನ್ನೂ ಆಡ್ತೀವಿ. ಆದರೆ ನನ್ನ ಮಟ್ಟಿಗೆ ಈ ವಸಾಹತಿನ ಗುಣ ಏನು ಅಂತ ತೋರಿಸಿದ್ದು 1788 ಅಲ್ಲ, 1790. ಆ ವರ್ಷ ಇಡೀ ಊರು ಕಡಲ ಕಡೆ ಮುಖ ಮಾಡಿ ನಿಂತಿತ್ತು. ಹಡಗು ಬಂತಾ, ಬಂತಾ ಅಂತ. ಬೆನ್ನ ಹಿಂದೆ ಇದ್ದ ನೆಲ, ಆ ನೆಲದಲ್ಲಿ ಬದುಕುತ್ತಿದ್ದ ಜನ ಅವರಿಗೆ ಸರಿಯಾಗಿ ಕಾಣಿಸಲೇ ಇಲ್ಲ.

ಮೊದಲು ಒಂದು ಸಣ್ಣ ಹಿನ್ನೆಲೆ. ಬ್ರಿಟನ್ ತನ್ನ ಕೈದಿಗಳನ್ನು ಮೊದಲು ಅಮೆರಿಕಕ್ಕೆ ಸಾಗಿಸುತ್ತಿತ್ತು. ಅಮೆರಿಕ ಕೈತಪ್ಪಿದ ಮೇಲೆ ಜೈಲುಗಳು ತುಂಬಿದವು. ಥೇಮ್ಸ್ ನದಿಯಲ್ಲಿ ಹಳೇ ಹಡಗುಗಳನ್ನು ನಿಲ್ಲಿಸಿ ಅದರಲ್ಲಿ ತುಂಬಿದರು, ಅದೂ ಸಾಲಲಿಲ್ಲ. ಹಾಗಾಗಿ ಈ ಕಡೆಗೆ ಕಳಿಸಿದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಸೈನ್ಯ ಒಪ್ಪಿಸಿದ ಸೇನಾಧಿಪತಿ ಯಾರು ಗೊತ್ತಲ್ವಾ? ಕಾರ್ನ್‌ವಾಲಿಸ್. ನಾವು ಶಾಲೆಯಲ್ಲಿ ಓದಿದ ಅದೇ ಕಾರ್ನ್‌ವಾಲಿಸ್. 1790ರಲ್ಲಿ ಅವನು ಕಲ್ಕತ್ತಾದಲ್ಲಿ ಗವರ್ನರ್ ಜನರಲ್, ಟಿಪ್ಪು ಜೊತೆ ಮೂರನೇ ಮೈಸೂರು ಯುದ್ಧ ಶುರುವಾಗಿತ್ತು. ಮರುವರ್ಷ ಬೆಂಗಳೂರು ಕೋಟೆಗೆ ನುಗ್ಗಿದ. ಅವನು ಅಲ್ಲಿ ಸೋತದ್ದರಿಂದ ಕೈದಿಗಳು ಇಲ್ಲಿಗೆ ಬಂದರು, ಅವನೇ ನಮ್ಮಲ್ಲಿಗೆ ಬಂದ. ಇಷ್ಟೇ ಸಂಬಂಧ, ಇದಕ್ಕಿಂತ ಜಾಸ್ತಿ ಎಳೆಯುವುದಿಲ್ಲ.

ಮೊದಲ ಹಡಗುಗಳು ತಂದದ್ದು ಸುಮಾರು ಎರಡು ವರ್ಷದ ದಿನಸಿ. 1790 ಬರುವ ಹೊತ್ತಿಗೆ ಆ ಎರಡು ವರ್ಷ ಮುಗಿದಿತ್ತು. ಇಂಗ್ಲೆಂಡಿನಿಂದ ಒಂದು ಕಾಗದವೂ ಬಂದಿರಲಿಲ್ಲ. ನಿಜವಾಗಿ ಅವರು ಒಂದು ಹಡಗು ಕಳಿಸಿದ್ದರು. ಗಾರ್ಡಿಯನ್ ಅಂತ, ತುಂಬಾ ದಿನಸಿ ಹೇರಿಕೊಂಡು ಹೊರಟಿತ್ತು. ಆಫ್ರಿಕಾದ ತುದಿಯ ಕೇಪ್ ದಾಟಿದ ಮೇಲೆ 1789ರ ಕ್ರಿಸ್‌ಮಸ್ ಹೊತ್ತಿಗೆ ಹಿಮಗಡ್ಡೆಗೆ ಬಡಿದು, ಹೇಗೋ ತೆವಳಿಕೊಂಡು ಕೇಪ್‌ಗೆ ವಾಪಸ್ ಹೋಯಿತು. ಇದು ಸಿಡ್ನಿಯವರಿಗೆ ಗೊತ್ತೇ ಇಲ್ಲ. ಅವರು ಸೌತ್ ಹೆಡ್‌ನ ಗುಡ್ಡದ ಮೇಲೆ ಒಂದು ಧ್ವಜಕಂಬ ನೆಟ್ಟು, ಕಾವಲಿಗೆ ಜನ ಇಟ್ಟು ಕಾಯುತ್ತಿದ್ದರು. ಹಡಗು ಕಂಡರೆ ಬಾವುಟ ಏರಿಸಬೇಕು. ವಾಟ್ಕಿನ್ ಟೆಂಚ್ ಅನ್ನುವ ಸೇನಾಧಿಕಾರಿ ಆ ದಿನಗಳನ್ನು ಬರೆದಿಟ್ಟಿದ್ದಾನೆ. ದೂರದಲ್ಲಿ ಗುಡುಗಿದರೂ, ಕಾಡಿನಲ್ಲಿ ಯಾರೋ ಬೇಟೆಗೆ ಬಂದೂಕು ಹಾರಿಸಿದ ಸದ್ದು ಸ್ವಲ್ಪ ಜೋರಾದರೂ, ಹಡಗಿನ ತೋಪು ಅಂತ ಜನ ಹೊರಗೆ ಓಡಿ ಬರುತ್ತಿದ್ದರಂತೆ.

ಮಾರ್ಚ್‌ನಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಒಂದು ಲೆಕ್ಕ ಹಾಕಿದ. ಇಲ್ಲಿ ಬಾಯಿಗಳು ಜಾಸ್ತಿ, ನಾರ್ಫೋಕ್ ದ್ವೀಪದಲ್ಲಿ ಮಣ್ಣು ಚೆನ್ನಾಗಿದೆ, ಒಂದಷ್ಟು ಜನರನ್ನು ಅಲ್ಲಿಗೆ ಕಳಿಸೋಣ. ಇದ್ದದ್ದೇ ಎರಡು ಹಡಗು, ಸಿರಿಯಸ್ ಮತ್ತು ಸಪ್ಲೈ. ಎರಡನ್ನೂ ಕಳಿಸಿದ. ಮಾರ್ಚ್ 19ರಂದು ನಾರ್ಫೋಕ್‌ನ ಬಂಡೆಸಾಲಿಗೆ ಬಡಿದು ಸಿರಿಯಸ್ ಒಡೆಯಿತು. ಜನ ಉಳಿದರು, ಹಡಗು ಹೋಯಿತು. ಅಲ್ಲಿ ಸಿಕ್ಕಿಬಿದ್ದವರು ಬದುಕಿದ್ದು ಮೌಂಟ್ ಪಿಟ್ ಬೆಟ್ಟದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತಿದ್ದ ಒಂದು ಕಡಲಹಕ್ಕಿಯಿಂದ. ರಾತ್ರಿ ಪಂಜು ಹಿಡಿದು ಹೋಗಿ ಕೈಯಲ್ಲೇ ಹಿಡಿಯುತ್ತಿದ್ದರು. ಆ ಒಂದು ಋತುವಿನಲ್ಲಿ ತಿಂದದ್ದು ಒಂದೂವರೆ ಲಕ್ಷಕ್ಕೂ ಜಾಸ್ತಿ. ದೇವರೇ ಕಳಿಸಿದ ಹಕ್ಕಿ ಅಂತ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಆ ದ್ವೀಪದಲ್ಲಿ ಆ ಹಕ್ಕಿಯೇ ಇಲ್ಲವಾಯಿತು.

ಏಪ್ರಿಲ್ ಮೊದಲ ವಾರ ಸುದ್ದಿ ಸಿಡ್ನಿಗೆ ಬಂತು. ಉಳಿದ ಪುಟ್ಟ ಸಪ್ಲೈಯನ್ನು ಬಟಾವಿಯಾಗೆ, ಅಂದರೆ ಈಗಿನ ಜಕಾರ್ತಾಗೆ, ದಿನಸಿ ತರಲು ಕಳಿಸಿದರು. ಈಗ ಬಂದರಿನಲ್ಲಿ ಒಂದೂ ಹಡಗಿಲ್ಲ. ಪಡಿತರ ಇನ್ನೂ ಇಳಿಯಿತು. ಒಂದು ವಾರಕ್ಕೆ ಒಬ್ಬರಿಗೆ ಎರಡೂವರೆ ಪೌಂಡ್ ಗೋದಿಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಉಪ್ಪುಹಂದಿ. ನಮ್ಮ ಲೆಕ್ಕದಲ್ಲಿ ಹಿಟ್ಟು ಒಂದು ಕೆಜಿಗೆ ಸ್ವಲ್ಪ ಮೇಲೆ, ಅಕ್ಕಿ 900 ಗ್ರಾಂ, ಮಾಂಸವೂ ಅಷ್ಟೇ. ಮೈಮುರಿದು ಮರ ಕಡಿಯುವವರಿಗೆ ಇದು ಏನಕ್ಕೂ ಸಾಲದು. ಅದೂ ಎಂಥ ಸಾಮಾನು! ಹಂದಿಮಾಂಸ ಉಪ್ಪು ಹಾಕಿ ಮೂರು ನಾಲ್ಕು ವರ್ಷವಾಗಿತ್ತು. ಬೇಯಿಸಿದರೆ ಅರ್ಧಕ್ಕೆ ಕುಗ್ಗುತ್ತದೆ ಅಂತ ಬೇಯಿಸುವುದನ್ನೇ ಬಿಟ್ಟರು. ಫೋರ್ಕಿಗೆ ಚುಚ್ಚಿ ಬೆಂಕಿಗೆ ಹಿಡಿದು, ತೊಟ್ಟಿಕ್ಕುವ ಕೊಬ್ಬನ್ನು ಬ್ರೆಡ್ ಮೇಲೋ ಅನ್ನದ ಬಟ್ಟಲಿಗೋ ಹಿಡಿದುಕೊಳ್ಳುತ್ತಿದ್ದರು. ಅಕ್ಕಿಯಂತೂ ಒಂದೊಂದು ಕಾಳೂ ನಡೆದಾಡುತ್ತಿತ್ತು, ಒಳಗೆ ಹುಳ ಸಂಸಾರ ಹೂಡಿತ್ತು.

ಒಂದು ಒಳ್ಳೆಯ ಮಾತು ಹೇಳಬೇಕು. ಈ ಪಡಿತರ ಗವರ್ನರ್‌ಗೂ ಅಷ್ಟೇ, ಕೈದಿಗೂ ಅಷ್ಟೇ. ಫಿಲಿಪ್ ತನ್ನ ಸ್ವಂತದ ಮೂರು ಹಂಡ್ರೆಡ್‌ವೇಟ್ ಹಿಟ್ಟನ್ನು, ಸುಮಾರು 150 ಕೆಜಿ, ಸಾರ್ವಜನಿಕ ಉಗ್ರಾಣಕ್ಕೆ ಕೊಟ್ಟುಬಿಟ್ಟ. ಯಾರನ್ನಾದರೂ ಊಟಕ್ಕೆ ಕರೆದರೆ ನಿಮ್ಮ ಬ್ರೆಡ್ ನೀವೇ ತನ್ನಿ ಅಂತ ಹೇಳಿಯೇ ಕರೆಯುವುದು. ಗವರ್ನರ್ ಮನೆಯಲ್ಲೂ ಹಾಗೇ. ಅಧಿಕಾರಿಗಳು ಬಂದು ಕೂತು, ಜೇಬಿನಿಂದ ತಮ್ಮ ತಮ್ಮ ಬ್ರೆಡ್ ತುಂಡು ತೆಗೆದು ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಸೈನಿಕರು ಬರಿಗಾಲಲ್ಲಿ ಪಹರೆ ನಿಂತಿದ್ದರು.

ಆದರೆ ಒಂದೇ ಅಳತೆ ಕೊಟ್ಟ ಮಾತ್ರಕ್ಕೆ ಎಲ್ಲರ ಹಸಿವೂ ಒಂದೇ ಆಗುವುದಿಲ್ಲ. ಮೇ ತಿಂಗಳಲ್ಲಿ ಒಬ್ಬ ವಯಸ್ಸಾದ ಕೈದಿ ಪಡಿತರಕ್ಕೆ ಉಗ್ರಾಣದ ಮುಂದೆ ನಿಂತಿದ್ದವನು ಅಲ್ಲೇ ಕುಸಿದ. ಆಸ್ಪತ್ರೆಗೆ ಹೊತ್ತೊಯ್ದರು, ಮರುದಿನ ತೀರಿಕೊಂಡ. ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಏನೂ ಇಲ್ಲ. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ಅವನ ಹತ್ತಿರ ಪಾತ್ರೆ ಇರಲಿಲ್ಲ. ಬೇಯಿಸಿಕೊಳ್ಳಲು ಒಂದು ಪಾತ್ರೆ. ಪಾತ್ರೆ ಇದ್ದವರು ಅದನ್ನು ಸುಮ್ನೆ ಕೊಡುತ್ತಿರಲಿಲ್ಲ, ಅವನ ಪಾಲಿನಲ್ಲೇ ಒಂದಷ್ಟು ಬಾಡಿಗೆಯಾಗಿ ತಗೊಳ್ಳುತ್ತಿದ್ದರು. ಕೊಡಲು ಮನಸ್ಸಾಗದ ದಿನ ಅವನು ಆ ಹುಳದ ಅಕ್ಕಿಯನ್ನು ಹಸಿಯಾಗಿಯೇ ಅಗಿದು ನುಂಗುತ್ತಿದ್ದ. ವಸಾಹತಿನ ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್ ಇದನ್ನು ದಾಖಲಿಸಿದ್ದಾನೆ. ಈ ಒಂದು ಪಾತ್ರೆಯ ಸಂಗತಿ ಓದಿದ ಮೇಲೆ ನನಗೆ ಆ ವರ್ಷದ ಬೇರೆ ಅಂಕಿಗಳೆಲ್ಲ ಸ್ವಲ್ಪ ಮಸುಕಾದವು.

ಅದೇ ಹೊತ್ತಿನಲ್ಲಿ ತೋಟದಿಂದ ಆಲೂಗಡ್ಡೆ ಕದ್ದವನೊಬ್ಬನಿಗೆ 300 ಚಾಟಿ ಏಟು, ಆರು ತಿಂಗಳು ಬೇರೆ ಕಳ್ಳರ ಜೊತೆ ಸರಪಳಿ, ಆರು ತಿಂಗಳು ಹಿಟ್ಟು ಬಂದ್.

ಇಲ್ಲಿ ಒಬ್ಬ ಸ್ಥಳೀಯನ ಹೆಸರು ಬರಬೇಕು. ಬೆನ್ನಲಾಂಗ್. ವಾಂಗಲ್ ಜನಾಂಗದವನು. ಈ ನೆಲದ ಜನರ ಭಾಷೆ, ರೀತಿ ತಿಳಿಯಬೇಕು ಅಂತ ಫಿಲಿಪ್ 1789ರ ನವೆಂಬರ್‌ನಲ್ಲಿ ಅವನನ್ನೂ ಕೋಲ್‌ಬೀ ಅನ್ನುವವನನ್ನೂ ಹಿಡಿಸಿ ತಂದಿದ್ದ. ಮಾತುಕತೆಗೆ ಕರೆಯುವ ರೀತಿ ನೋಡಿ! ಕಾಲಿಗೆ ಬೇಡಿ ಹಾಕಿ ಕರೆಯುವುದು. ಕೋಲ್‌ಬೀ ಬೇಗ ತಪ್ಪಿಸಿಕೊಂಡ, ಬೆನ್ನಲಾಂಗ್ ಗವರ್ನರ್ ಮನೆಯಲ್ಲೇ ಉಳಿದ. ಆಮೇಲೆ ಪಡಿತರ ಇಳಿಯಿತಲ್ಲ, ಆಗ ಒಂದು ತಮಾಷೆಯಾಯಿತು. ಅವನಿಗೆ ಒಂದು ವಾರದ ಪಡಿತರ ಒಂದು ದಿನಕ್ಕೂ ಸಾಲದು. ಆದರೆ ಇಲ್ಲಿ ಊಟಕ್ಕೆ ತತ್ವಾರ ಅಂತ ಅವನಿಗೆ ಗೊತ್ತಾಗಿ, ಅವನು ಹೋಗಿ ತನ್ನವರಿಗೆ ಹೇಳಿಬಿಟ್ಟರೆ? ಹಾಗಾಗಿ ಮೀನು, ಜೋಳ ಹೇಗೋ ಹೊಂದಿಸಿ ಅವನ ತಟ್ಟೆ ತುಂಬಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು. ಮೇ 3ರಂದು ಅವನೂ ಬೇಲಿ ಹಾರಿ ಹೋದ. ಇದೇ ಜನರನ್ನು ಹಿಂದಿನ ವರ್ಷ ಸಿಡುಬು ಗುಡಿಸಿಹಾಕಿತ್ತು, ಅರ್ಧದಷ್ಟು ಜನ ಸತ್ತಿರಬೇಕು ಅಂತ ಫಿಲಿಪ್‌ನೇ ಬರೆದಿದ್ದಾನೆ. ಬದುಕಿ ಉಳಿದವರು ಅದೇ ಕೊಲ್ಲಿಯಲ್ಲಿ ದೋಣಿಯಲ್ಲಿ ಸಣ್ಣ ಬೆಂಕಿ ಇಟ್ಟುಕೊಂಡು ಮೀನು ಹಿಡಿಯುತ್ತಿದ್ದರು. ದಡದ ಮೇಲೆ ನಿಂತವರು ಮಾತ್ರ ಬಾವುಟ ಏರಿತಾ ಅಂತ ಕಾಯುತ್ತಿದ್ದರು.

ಜೂನ್ 3ರಂದು ಏರಿತು.

ಟೆಂಚ್ ತನ್ನ ಗುಡಿಸಲಲ್ಲಿ ಕೂತಿದ್ದ. ಹೊರಗೆ ಗಲಾಟೆ. ಬಾಗಿಲು ತೆಗೆದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅತ್ತಿತ್ತ ಓಡುತ್ತಿದ್ದಾರೆ, ಮಕ್ಕಳಿಗೆ ಮುತ್ತಿಡುತ್ತಿದ್ದಾರೆ. ಗುಡ್ಡ ಹತ್ತಿ ದುರ್ಬೀನು ಹಾಕಿ ನೋಡಿದ, ಬಾವುಟ ಹೌದು. ಪಕ್ಕದ ಮನೆಯ ಅಧಿಕಾರಿಯೂ ಇವನೂ ಮಾತು ಹೊರಡದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತರು. ಮಳೆಯಲ್ಲೇ ದೋಣಿ ಹುಟ್ಟು ಹಾಕುತ್ತ ಹೋದರು. ಹಡಗಿನ ಹಿಂಬದಿಯಲ್ಲಿ ಲಂಡನ್ ಅಂತ ಬರೆದದ್ದು ಕಂಡಿತು.

ಹಡಗಿನ ಹೆಸರು ಲೇಡಿ ಜೂಲಿಯಾನಾ. ಅದರಲ್ಲಿ ಹೆಚ್ಚಾಗಿ ಇದ್ದದ್ದು ದಿನಸಿ ಅಲ್ಲ, ಇನ್ನೂರಕ್ಕೂ ಜಾಸ್ತಿ ಹೆಂಗಸರು, ಕೈದಿಗಳು! ಹಿಟ್ಟು ಕೇಳಿದರೆ ಇನ್ನೂ ಬಾಯಿಗಳನ್ನು ಕಳಿಸಿದ್ದಾರೆ ಅಂತ ಕಾಲಿನ್ಸ್ ಗೊಣಗಿದ್ದಾನೆ. ಆ ಹೆಂಗಸರಲ್ಲಿ ಮೇರಿ ವೇಡ್ ಅನ್ನುವ ಪುಟ್ಟ ಹುಡುಗಿ ಇದ್ದಳು. ಇನ್ನೊಂದು ಮಗುವಿನ ಬಟ್ಟೆ ಕಿತ್ತುಕೊಂಡಿದ್ದಕ್ಕೆ ನೇಣು ಅಂತ ತೀರ್ಪಾಗಿ, ಆಮೇಲೆ ಗಡಿಪಾರಿಗೆ ಇಳಿದಿತ್ತು. ತೀರ್ಪಾದಾಗ ಹತ್ತು ಹನ್ನೊಂದರ ವಯಸ್ಸು. ಇಲ್ಲಿ ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶದವರು. ಹಡಗು ಸುದ್ದಿಯನ್ನೂ ತಂದಿತ್ತು: ರಾಜನಿಗೆ ಹುಷಾರಿಲ್ಲದೆ ಆಮೇಲೆ ವಾಸಿಯಾಯಿತು, ಫ್ರಾನ್ಸ್‌ನಲ್ಲಿ ಕ್ರಾಂತಿ ಆಗಿದೆ, ಗಾರ್ಡಿಯನ್ ಮುರಿದಿದೆ. ಜೂನ್ 20ಕ್ಕೆ ಜಸ್ಟಿನಿಯನ್ ಅನ್ನುವ ಹಡಗು ದಿನಸಿ ಹೊತ್ತು ಬಂತು. ಪೂರ್ತಿ ಪಡಿತರ ಮತ್ತೆ ಶುರು. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

ಒಂದೇ ವಾರ. ನೆಪ್ಚೂನ್, ಸರ್ಪ್ರೈಸ್, ಸ್ಕಾರ್‌ಬರೋ ಅನ್ನುವ ಮೂರು ಹಡಗು ಬಂದವು. ಹೊರಟಾಗ ಸುಮಾರು ಸಾವಿರ ಕೈದಿಗಳು. ದಾರಿಯಲ್ಲೇ 260ಕ್ಕೂ ಹೆಚ್ಚು ಜನ ಸತ್ತಿದ್ದರು, ನೆಪ್ಚೂನ್ ಒಂದರಲ್ಲೇ 150ಕ್ಕೂ ಮೇಲೆ. ಹೋಲಿಕೆಗೆ ಹೇಳುತ್ತೇನೆ, ಮೊದಲ ಪಡೆಯ ಹನ್ನೊಂದು ಹಡಗುಗಳಲ್ಲಿ ಸತ್ತವರು ಐವತ್ತರೊಳಗೆ. ಇಳಿಸಿದವರಲ್ಲೂ ಅರ್ಧಕ್ಕರ್ಧ ಎದ್ದು ನಿಲ್ಲಲಾರದವರು. ಪಾದ್ರಿ ರಿಚರ್ಡ್ ಜಾನ್ಸನ್ ಸರ್ಪ್ರೈಸ್‌ನ ತಳಕ್ಕೆ ಇಳಿದು ನೋಡಿದ. ಬೆತ್ತಲೆ, ಹೇನು, ಹೇಸಿಗೆ. ನೆಪ್ಚೂನ್ ತಳಕ್ಕೆ ಇಳಿಯುವ ಧೈರ್ಯವೇ ಆಗಲಿಲ್ಲ. ಎಷ್ಟೋ ಜನ ಮೇಲಿನ ಗಾಳಿಗೆ ಬರುತ್ತಲೇ ಸತ್ತರು. ಪಕ್ಕದವನು ಸತ್ತರೂ ಹೇಳದೆ, ಅವನ ಪಾಲಿನ ಊಟಕ್ಕಾಗಿ ಹೆಣದ ಜೊತೆಗೇ ಸರಪಳಿಯಲ್ಲಿ ಮಲಗಿದವರಿದ್ದರು.

ಯಾಕೆ ಹೀಗಾಯಿತು ಅಂದರೆ, ಗುತ್ತಿಗೆ. ಕೇಮ್‌ಡೆನ್, ಕ್ಯಾಲ್ವರ್ಟ್ ಅಂಡ್ ಕಿಂಗ್ ಅನ್ನುವ ಕಂಪನಿ, ಗುಲಾಮರ ಸಾಗಾಣಿಕೆಯಲ್ಲಿ ಪಳಗಿದವರು. ತಲೆಗೆ 17 ಪೌಂಡ್ 7 ಶಿಲಿಂಗ್ 6 ಪೆನ್ಸ್. ಹತ್ತಿಸಿಕೊಂಡ ತಲೆಗೆ. ಇಳಿಸಿದ ತಲೆಗಲ್ಲ! ಅಂದಮೇಲೆ ದಾರಿಯಲ್ಲಿ ಕೈದಿ ಸತ್ತರೆ ಗುತ್ತಿಗೆದಾರನಿಗೆ ನಷ್ಟವಿಲ್ಲ, ಅವನ ಊಟ ಉಳಿಯಿತು. ಉಳಿದ ದಿನಸಿಯನ್ನು ಹಡಗಿನ ಮಾಲೀಕರ ಕಡೆಯವರು ಇಲ್ಲಿ ದಡದ ಮೇಲೆ ಅಂಗಡಿ ತೆರೆದು ಮಾರಿದರು. ಕಾಲಿಗೆ ಹಾಕಿದ್ದೂ ಗುಲಾಮರ ಹಡಗಿನ ಬೇಡಿ, ಎರಡು ಪಾದದ ಮಧ್ಯೆ ಸರಪಳಿ ಬದಲು ಗಿಡ್ಡ ಕಬ್ಬಿಣದ ಸರಳು, ಕಾಲು ಎತ್ತಿಡಲೂ ಆಗದ ಹಾಗೆ. ನೆಪ್ಚೂನ್ ಕ್ಯಾಪ್ಟನ್ ಡೊನಾಲ್ಡ್ ಟ್ರೇಲ್ ಮೇಲೆ ಲಂಡನ್ನಿನಲ್ಲಿ ಕೊಲೆ ಮೊಕದ್ದಮೆ ನಡೆಯಿತು, ಖುಲಾಸೆಯಾಯಿತು. ಕೈದಿಗಳನ್ನು ಇಳಿಸಿದ ಹಡಗುಗಳು ಚೀನಾಕ್ಕೆ ಹೋಗಿ ಟೀ ತುಂಬಿಕೊಂಡು ಮನೆಗೆ ಹೋದವು. ಇಂಥ ಗುತ್ತಿಗೆಯನ್ನು ಕ್ರೌರ್ಯ ಅನ್ನುವುದಕ್ಕಿಂತ ಜಾಣತನದ ಲೆಕ್ಕಪತ್ರ ಅನ್ನಬೇಕೇನೋ, ಅದೇ ಹೆದರಿಕೆ ಹುಟ್ಟಿಸುವುದು.

(ಇಲ್ಲಿ ಒಬ್ಬರು ಎದ್ದು, ಫಿಲಿಪ್ ಒಳ್ಳೆಯವನಾ ಕೆಟ್ಟವನಾ ಅಂತ ಕೇಳಿದರು. ಸ್ವಲ್ಪ ತಾಳಿ ಅಂದೆ.)

ಸೆಪ್ಟೆಂಬರ್ 7. ಮ್ಯಾನ್ಲಿಯ ದಡಕ್ಕೆ ಒಂದು ತಿಮಿಂಗಿಲ ಬಂದು ಬಿದ್ದಿತ್ತು. ಸುತ್ತಲಿನ ಜನ ಇನ್ನೂರರಷ್ಟು ಸೇರಿ ಅದನ್ನು ಸುಟ್ಟು ತಿನ್ನುತ್ತಿದ್ದರು. ಬೆನ್ನಲಾಂಗ್ ಅಲ್ಲೇ ಇದ್ದ. ಇಂಗ್ಲಿಷರ ದೋಣಿ ಕಂಡವನೇ ಮಾತಾಡಿಸಿ, ಗವರ್ನರ್‌ಗೆ ಕೊಡಿ ಅಂತ ತಿಮಿಂಗಿಲದ ಒಂದು ದೊಡ್ಡ ತುಂಡು ಕಳಿಸಿದ. ನಾಲ್ಕು ತಿಂಗಳ ಹಿಂದೆ ತನ್ನಿಂದ ಹಸಿವು ಮುಚ್ಚಿಟ್ಟ ಮನೆಗೆ! ಫಿಲಿಪ್ ಹೊರಟು ಬಂದ. ಇಬ್ಬರೂ ಮಾತಾಡಿದರು, ವೈನ್ ಕೊಟ್ಟರೆ ಬೆನ್ನಲಾಂಗ್ ರಾಜನ ಹೆಸರು ಹೇಳಿ ಕುಡಿದ. ಅಷ್ಟರಲ್ಲಿ ವಿಲೆಮೆರಿಂಗ್ ಅನ್ನುವ ಇನ್ನೊಬ್ಬ ದೂರ ನಿಂತಿದ್ದ. ಫಿಲಿಪ್ ಕೈ ಚಾಚಿಕೊಂಡು ಅವನ ಕಡೆ ನಡೆದ. ಅವನು ಈಟಿ ಎಸೆದ. ಹನ್ನೆರಡು ಅಡಿಯ ಈಟಿ, ಭುಜದ ಹತ್ತಿರ ಹೊಕ್ಕು ಹಿಂದೆ ಬಂತು. ಫಿಲಿಪ್ ಓಡಿದರೆ ಅದರ ಉದ್ದ ಕೋಲು ನೆಲಕ್ಕೆ ತಾಗುತ್ತದೆ. ವಾಟರ್‌ಹೌಸ್ ಅನ್ನುವ ಅಧಿಕಾರಿ ಒದ್ದಾಡಿ ಅದನ್ನು ಮುರಿದ. ದೋಣಿಯಲ್ಲಿ ವಾಪಸ್ ಎರಡು ಗಂಟೆ. ಬದುಕಿದ. ಸೇಡು ತೀರಿಸಬಾರದು ಅಂತ ಹುಕುಂ ಕೊಟ್ಟ.

ವಿಲೆಮೆರಿಂಗ್ ಹೆದರಿ ಈಟಿ ಎಸೆದ ಅಂತ ಆಗಿನವರು ಬರೆದರು. ಈಗಿನ ಕೆಲವು ಇತಿಹಾಸಕಾರರು ಬೇರೆ ಹೇಳುತ್ತಾರೆ. ಇದು ಈ ನೆಲದ ಕಾನೂನು, ಅಪಹರಣಕ್ಕೆ ಸಲ್ಲಬೇಕಾದ ಶಿಕ್ಷೆಯನ್ನು ಒಂದು ಈಟಿಯಲ್ಲಿ ಮುಗಿಸಿದರು, ಬೆನ್ನಲಾಂಗ್‌ನೇ ಅದನ್ನು ಹೊಂದಿಸಿದ್ದ ಅಂತ. ನನಗೂ ಹಾಗೇ ಅನಿಸುತ್ತದೆ. ಯಾಕೆ ಅಂದರೆ, ಅಲ್ಲಿಂದ ಮುಂದೆ ಲೆಕ್ಕ ಚುಕ್ತಾ ಆದವರಂತೆ ಬೆನ್ನಲಾಂಗ್ ತಾನಾಗಿಯೇ ಸಿಡ್ನಿಗೆ ಬಂದು ಹೋಗಲು ಶುರು ಮಾಡಿದ. ಅವನಿಗೆ ಕೊಲ್ಲಿಯ ತುದಿಯಲ್ಲಿ ಹನ್ನೆರಡು ಅಡಿ ಚೌಕದ ಒಂದು ಇಟ್ಟಿಗೆ ಮನೆ ಕಟ್ಟಿಕೊಟ್ಟರು. ಅದೇ ಬೆನ್ನಲಾಂಗ್ ಪಾಯಿಂಟ್. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ಕರೆದುಕೊಂಡು ಹೋಗಿ ಫೋಟೋ ಹೊಡೆಸುವ ಆಪೆರಾ ಹೌಸ್ ಇರುವುದು ಅಲ್ಲೇ.

ಅಕ್ಟೋಬರ್‌ನಲ್ಲಿ ಸಪ್ಲೈ ವಾಪಸ್ ಬಂತು, ಅದರ ಹಿಂದೆ ಡಿಸೆಂಬರ್‌ನಲ್ಲಿ ಬಟಾವಿಯಾದ ಒಂದು ಡಚ್ ಹಡಗು. ರೋಸ್ ಹಿಲ್‌ನಲ್ಲಿ ಒಂದು ಮೈಲಿ ಉದ್ದದ ಬೀದಿ ಹಾಕಿದ್ದರು, ಅದೇ ನಮ್ಮ ಜಾರ್ಜ್ ಸ್ಟ್ರೀಟ್. ರೂಸ್ ಮರದ ಬೂದಿಯನ್ನು ಮಣ್ಣಿಗೆ ಬೆರೆಸಿ, ಅಗೆದು ಮಗುಚಿ ಗೋದಿ, ಜೋಳ ಬೆಳೆದ. ಮರುವರ್ಷದ ಫೆಬ್ರವರಿಯಲ್ಲಿ ನನಗಿನ್ನು ಉಗ್ರಾಣದ ಪಡಿತರ ಬೇಡ ಅಂದ.

ಈಗ ಡಿಸೆಂಬರ್. ಗವರ್ನರ್ ಕಡೆಯ ಬೇಟೆಗಾರ ಮೆಕಿಂಟೈರ್‌ಗೆ ಬಾಟನಿ ಬೇ ಕಡೆ ಪೆಮುಲ್‌ವಾಯ್ ಅನ್ನುವವನು ಈಟಿ ಹೊಡೆದ. ಈ ಮೆಕಿಂಟೈರ್‌ನನ್ನು ಕಂಡರೆ ಬೆನ್ನಲಾಂಗ್‌ಗೆ ಮೊದಲಿನಿಂದಲೂ ಹೇಸಿಗೆ. ಅವನು ಕಾಡಿನಲ್ಲಿ ಬರೀ ಕಾಂಗರೂ ಹೊಡೆಯುತ್ತಿರಲಿಲ್ಲ ಅಂತ ಆಗಲೇ ಅನುಮಾನವಿತ್ತು. ತನ್ನ ಭುಜಕ್ಕೆ ಈಟಿ ಬಿದ್ದಾಗ ಸುಮ್ಮನಿದ್ದ ಫಿಲಿಪ್ ಈಗ ಟೆಂಚ್‌ನನ್ನು ಕರೆದು ಹೇಳಿದ: ಇಬ್ಬರನ್ನು ಹಿಡಿದು ತಾ, ಹತ್ತು ಜನರ ತಲೆ ಕಡಿದು ತಾ. ತಲೆ ತರಲು ಕೊಡಲಿ, ಚೀಲ ಕೊಟ್ಟ. ಟೆಂಚ್ ಚೌಕಾಸಿ ಮಾಡಿ ಆರು ಜನರಿಗೆ ಇಳಿಸಿದ. (ಒಳ್ಳೆಯವನಾ ಕೆಟ್ಟವನಾ ಅಂತ ಕೇಳಿದವರಿಗೆ ಇಷ್ಟೇ ಹೇಳಿದೆ. ತನ್ನ ಹಿಟ್ಟು ಉಗ್ರಾಣಕ್ಕೆ ಕೊಟ್ಟವನೂ ಇವನೇ, ಚೀಲ ಕೊಟ್ಟವನೂ ಇವನೇ.)

ಐವತ್ತರಷ್ಟು ಜನ ಹೊರಟರು. ಯಾರೂ ಸಿಗಲಿಲ್ಲ. ಎರಡನೇ ಸಲ ರಾತ್ರಿ ಹೊರಟರು. ಹಳ್ಳದ ಕೆಸರಿನಲ್ಲಿ ಹೂತುಕೊಂಡರು, ಒಬ್ಬ ಸಾರ್ಜೆಂಟ್ ಎದೆಮಟ್ಟ. ಸೆರೆಯಾಳುಗಳ ಕೈ ಕಟ್ಟಲು ತಂದ ಹಗ್ಗದಿಂದ ತಮ್ಮವರನ್ನೇ ಎಳೆದುಕೊಳ್ಳಬೇಕಾಯಿತು. ಬರಿಗೈಯಲ್ಲಿ ವಾಪಸ್ ಬಂದರು.

ಮೊದಲ ದಂಡಿಗೆ ಹೋಗುವುದಿಲ್ಲ ಅಂದ ಒಬ್ಬ ಅಧಿಕಾರಿ ಇದ್ದ. ವಿಲಿಯಂ ಡಾಸ್. ಪಾದ್ರಿಯ ಒತ್ತಾಯಕ್ಕೆ ಹೋದ, ಬಂದ ಮೇಲೆ ಹೋದದ್ದು ತಪ್ಪಾಯಿತು, ಇನ್ನೊಮ್ಮೆ ಇಂಥ ಹುಕುಂ ಪಾಲಿಸುವುದಿಲ್ಲ ಅಂದ. ಅವನ ಕೆಲಸ ನಕ್ಷತ್ರ ನೋಡುವುದು. ಈಗ ಹಾರ್ಬರ್ ಬ್ರಿಜ್‌ನ ದಕ್ಷಿಣದ ಕಾಲು ಇರುವ ಡಾಸ್ ಪಾಯಿಂಟ್‌ನಲ್ಲಿ ಅವನ ಗುಡಿಸಲಿತ್ತು. ಅಲ್ಲಿಗೆ ಪಟಿಗರಾಂಗ್ ಅನ್ನುವ ಹದಿಹರೆಯದ ಹುಡುಗಿ ಬರುತ್ತಿದ್ದಳು, ಅವನಿಗೆ ತನ್ನ ಭಾಷೆ ಹೇಳಿಕೊಟ್ಟಳು. ಅವನು ಬರೆದುಕೊಂಡ ನೋಟ್‌ಬುಕ್ಕುಗಳು ಲಂಡನ್ನಿನ ಸೋವಾಸ್ ಗ್ರಂಥಾಲಯದಲ್ಲಿವೆ. ಪುಟುವಾ ಅಂತ ಒಂದು ಪದ ಇದೆ. ಬೆಂಕಿಗೆ ತನ್ನ ಕೈ ಕಾಯಿಸಿಕೊಂಡು, ಆಮೇಲೆ ಇನ್ನೊಬ್ಬರ ಬೆರಳನ್ನು ಮೆಲ್ಲಗೆ ಒತ್ತುವುದು. ಅಷ್ಟಕ್ಕೂ ಒಂದೇ ಪದ.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಮಾತುಕತೆ ಇದೆ. ನಿಮ್ಮವರಿಗೆ ಯಾಕೆ ಸಿಟ್ಟು ಅಂತ ಇವನು ಕೇಳುತ್ತಾನೆ. ಬಿಳಿಯರು ಇಲ್ಲಿ ಬಂದು ಕೂತುಬಿಟ್ಟಿದ್ದಾರಲ್ಲ ಅನ್ನುತ್ತಾಳೆ. ಕೂರುವುದಕ್ಕೂ ನೆಲೆಸುವುದಕ್ಕೂ ಅವಳ ಭಾಷೆಯಲ್ಲಿ ಒಂದೇ ಮಾತು. ಜನ ಹೆದರಿದ್ದಾರೆ ಅಂತಲೂ ಹೇಳುತ್ತಾಳೆ. ಯಾಕೆ ಹೆದರಿಕೆ ಅಂತ ಇವನು ಮತ್ತೆ ಕೇಳುತ್ತಾನೆ. ಅವಳು ಇಂಗ್ಲಿಷಿನ ಗನ್ ಅನ್ನುವ ಪದ ತಗೊಂಡು, ಅದಕ್ಕೆ ತನ್ನ ಭಾಷೆಯ ವಿಭಕ್ತಿ ಹಚ್ಚಿ ಒಂದೇ ಮಾತಲ್ಲಿ ಉತ್ತರ ಕೊಡುತ್ತಾಳೆ. ನಾವು ಬಸ್ಸಿಂದ, ಕಾರಿಂದ ಅಂತೀವಲ್ಲ, ಥೇಟ್ ಹಾಗೆ. ಗನಿನ್. ಗನ್ನಿಂದ.